ಕೊನೆಯ ಹನ್ನೊಂದು ಸೆಕೆಂಡು

ಟ್ರೊಂಡ್‌ಹೈಮ್,
ಜನವರಿ 9, 2024

ಹಾಲ್ಡಿಸ್,

ಲಕೋಟೆಯ ಹಿಂದೆ ನನ್ನ ಹೆಸರು ನೋಡಿದ ಕೂಡಲೇ ಇದನ್ನು ಒಲೆಗೆ ಹಾಕಬೇಕು ಅನ್ನಿಸಿದ್ದರೆ, ಮೊದಲು ಒಳಗಿರುವ ಪೆನ್ ಡ್ರೈವ್ ತೆಗೆದಿಡು. ಪ್ಲಾಸ್ಟಿಕ್ ಸುಟ್ಟ ವಾಸನೆ ವಾರವಿಡೀ ಹೋಗುವುದಿಲ್ಲ.

ಎಯ್ನಾರ್ ಅಕ್ಟೋಬರಿನಲ್ಲಿ ತೀರಿಕೊಂಡ. ಟೈನ್‌ವೋಗ್‌ನಂಥ ಊರಿನಲ್ಲಿ ಆ ಸುದ್ದಿ ನಿನ್ನ ಅಡುಗೆಮನೆಗೆ ಅದೇ ದಿನ ಬಂದಿರುತ್ತದೆ. ಹೂವು ಕಳಿಸಿದವರಲ್ಲಿ ನಿನ್ನ ಹೆಸರಿರಲಿಲ್ಲ. ನಾನು ಹುಡುಕಲಿಲ್ಲ ಎಂದರೆ ಸುಳ್ಳಾದೀತು.

ಗಂಡನ ಕಪಾಟು ಖಾಲಿ ಮಾಡುವಾಗ ಸ್ಕೀ ಬೂಟುಗಳ ಕೆಳಗೆ ಒಂದು ವಿಡಿಯೋ ಕ್ಯಾಸೆಟ್ ಸಿಕ್ಕಿತು. ಮೇಲೆ ಅವನದೇ ಅಕ್ಷರ: ಕಾರ್ಖಾನೆ, ಫೆಬ್ರುವರಿ 88. ಅವನು ಮೇಸ್ತ್ರಿಯಾಗಿದ್ದಾಗ ಹೊಸ ಕ್ಯಾಮೆರಾ ಕೊಂಡು, ಅದನ್ನು ಹೆಗಲ ಮೇಲೆ ಹೊತ್ತು ಊರೆಲ್ಲ ತಿರುಗಿದ್ದು ನಿನಗೆ ನೆನಪಿರಬೇಕು. ಮೀನು ಹಸನು ಮಾಡುವ ಮೇಜಿನ ಒಂಬತ್ತು ಹೆಂಗಸರೂ ಆ ಟೇಪಿನಲ್ಲಿದ್ದೇವೆ. ನೀನೂ ನಾನೂ ಪಕ್ಕಪಕ್ಕ, ಹನ್ನೊಂದು ವರ್ಷ ನಿಂತ ಹಾಗೆಯೇ.

ನಾನೀಗ ಇಂಥ ಹಳೆಯ ಟೇಪುಗಳನ್ನು ಕಂಪ್ಯೂಟರಿನಲ್ಲಿ ಚೊಕ್ಕ ಮಾಡಿಕೊಡುತ್ತೇನೆ. ನಗಬೇಡ. ಗ್ರಂಥಾಲಯದಲ್ಲಿ ವಯಸ್ಸಾದವರಿಗೆಂದು ನಡೆಸುವ ತರಗತಿಗೆ ಹೋಗಿ ಕಲಿತೆ. ಬಣ್ಣ ಸರಿಮಾಡುತ್ತೇನೆ, ನಡುಕ ನಿಲ್ಲಿಸುತ್ತೇನೆ, ಗದ್ದಲ ತೆಗೆಯುತ್ತೇನೆ. ನಮ್ಮಂಥವರಿಗೆ ಇದು ಹೊಸ ಕೆಲಸವೇನಲ್ಲ. ಅಲ್ಲಿಯೂ ಮೀನಿನ ಹೋಳನ್ನು ದೀಪದ ಗಾಜಿನ ಮೇಲೆ ಇಟ್ಟು ನೋಡುತ್ತಿದ್ದೆವು, ಇರಬಾರದ್ದನ್ನು ಕಿತ್ತು ಹಾಕುತ್ತಿದ್ದೆವು.

ಹಳೆಯ ಯಜಮಾನರ ಮೊಮ್ಮಗ ಲುಡ್ವಿಗ್ ಕಾರ್ಖಾನೆಯನ್ನು ಅತಿಥಿಗೃಹ ಮಾಡುತ್ತಿದ್ದಾನಲ್ಲ, ಅದು ಜೂನಿನಲ್ಲಿ ತೆರೆಯುತ್ತದೆ. ಅಲ್ಲಿ ಊಟದ ಕೋಣೆಯ ಗೋಡೆಯ ಮೇಲೆ ಈ ಚಿತ್ರ ಓಡಬೇಕಂತೆ. ಮುಖ ಕಾಣುವ ಪ್ರತಿಯೊಬ್ಬರೂ ಒಪ್ಪಿಗೆಯ ಕಾಗದಕ್ಕೆ ಸಹಿ ಹಾಕಬೇಕು, ಸತ್ತವರ ಪರವಾಗಿ ಮಕ್ಕಳು. ಎಂಟು ಬಂದಿವೆ. ಉಳಿದವಳು ನೀನು.

ಆರು ನಿಮಿಷದ ಚಿತ್ರ. ನೋಡಿ ಹೇಳು.

ರಗ್ನಾ


ಟೈನ್‌ವೋಗ್,
ಜನವರಿ 24, 2024

ರಗ್ನಾ,

ನನ್ನ ಮನೆಯಲ್ಲಿ ಕಂಪ್ಯೂಟರ್ ಇಲ್ಲ. ಪೆನ್ ಡ್ರೈವ್ ತೆಗೆದುಕೊಂಡು ಪೆಡರ್‌ನ ಮನೆಗೆ ಹೋದೆ. ಅಂಚೆಯ ಪೆಡರ್, ಈಗ ನಿವೃತ್ತ. ಹೊರಗೆ ಸೂರ್ಯ ಎರಡು ತಿಂಗಳ ಚಳಿಗಾಲದ ಕತ್ತಲೆಯ ಮೇಲೆ ಮೊನ್ನೆಯಷ್ಟೇ ತಲೆ ತೋರಿಸಿದ್ದ. ಅದರ ಲೆಕ್ಕದಲ್ಲಿ ಪೆಡರ್ ಸಿಹಿ ಬನ್ನು ಮಾಡಿಟ್ಟಿದ್ದ. ತಿನ್ನುತ್ತಾ ನೋಡಿದೆವು.

"ಇದ್ಯಾರೇ ಈ ಚೆಲುವೆ?" ಅಂದ.

"ನಾನು ಕಣೋ."

"ಸುಮ್ನಿರು ಮಾರಾಯ್ತಿ. ನಿನ್ನ ಮದ್ವೆಗೆ ನಾನೂ ಬಂದಿದ್ದೆ."

ಅವನ ತಪ್ಪಲ್ಲ. ನನಗೇ ಗುರುತು ಸಿಗಲಿಲ್ಲ. ಮುಖಕ್ಕೆ ಬೆಣ್ಣೆ ಸವರಿದಂತಿದೆ. ಕೈಗವಸು ಮುಗಿಯುವ ಜಾಗದಲ್ಲಿ, ಮಣಿಕಟ್ಟಿನ ಸುತ್ತ, ಉಪ್ಪುನೀರು ತಿಂದು ಮಾಡಿದ ಹುಣ್ಣುಗಳಿದ್ದವಲ್ಲ, ಅವೂ ಇಲ್ಲ. ನನ್ನ ಕೈಯನ್ನು ಒಂದು ಯಂತ್ರ ತಿಂದಿತು. ಈಗ ಇನ್ನೊಂದು ಯಂತ್ರ ಅದನ್ನು ತೊಳೆದು ಕೊಟ್ಟಿದೆ.

ಇನ್ನು ಗದ್ದಲದ ಜಾಗಕ್ಕೆ ನೀನು ತಂದು ಹಾಕಿದ ಆ ಹಾರ್ಮೋನಿಕಾ. ಅಲ್ಲಿ ಹಾರ್ಮೋನಿಕಾ ನುಡಿಸಿದವರು ಯಾರು, ರಗ್ನಾ? ಆ ಗದ್ದಲದಲ್ಲಿ ನಮ್ಮ ಮಾತು ನಮಗೇ ಕೇಳುತ್ತಿರಲಿಲ್ಲ ಎಂದೇ ಅಲ್ಲವೇ ಚೂರಿಯ ಬೆನ್ನಿನಿಂದ ಉಕ್ಕಿನ ಅಂಚಿಗೆ ಕುಟ್ಟಿ ಮಾತಾಡುತ್ತಿದ್ದದ್ದು. ಒಂದು ಕುಟ್ಟಿದರೆ ತಟ್ಟೆ ಖಾಲಿ. ಎರಡು ಕುಟ್ಟಿದರೆ ಕಾಫಿ. ಐದು ಕುಟ್ಟಿದರೆ ಬೆಲ್ಟ್ ನಿಲ್ಲಿಸಿ.

ಚಿತ್ರ ಮುಗಿಯುವಾಗ ನನ್ನ ಬಲಗೈ ಚೂರಿ ಹಿಡಿದು ಮೇಲೆ ಏಳುತ್ತದೆ, ಅಷ್ಟಕ್ಕೇ ಕಪ್ಪಾಗುತ್ತದೆ. ಆ ಕೈ ಯಾಕೆ ಮೇಲೆದ್ದಿತು ಎಂದು ಗೊತ್ತಿದ್ದವರು ಮೂವರು. ಒಬ್ಬ ಅಕ್ಟೋಬರಿನಲ್ಲಿ ತೀರಿಕೊಂಡ.

ನೀನು ಮರೆತಿದ್ದರೆ ನಾನೇ ಬರೆಯುತ್ತೇನೆ. ಎಡಗೈಯ ಗವಸು ಮೀನಿನ ಚರ್ಮ ಸುಲಿಯುವ ಯಂತ್ರಕ್ಕೆ ಸಿಕ್ಕಿತ್ತು. ಬಲಗೈಯಿಂದ ಐದು ಕುಟ್ಟಿದೆ. ಬೆಲ್ಟ್ ನಿಲ್ಲಲಿಲ್ಲ. ಮತ್ತೆ ಐದು. ಎರಡು ಬೆರಳು ಹೋದವು. ವಿಚಾರಣೆಯಲ್ಲಿ ಎಯ್ನಾರ್ ಏನೆಂದ? ತಾನು ಬೆಲ್ಟ್ ನಿಲ್ಲಿಸುವ ಕೆಂಪು ಗುಂಡಿಯ ಪಕ್ಕದಲ್ಲೇ ಇದ್ದೆ, ಕ್ಯಾಮೆರಾ ಆಗಲೇ ಒಳಗಿಟ್ಟಿದ್ದೆ, ಯಾರೂ ಕುಟ್ಟಲಿಲ್ಲ ಎಂದ. ನೀನು? ಒಂದು ಮೊಳ ದೂರದಲ್ಲಿ ನಿಂತಿದ್ದವಳು, ನನಗೂ ಏನೂ ಕೇಳಲಿಲ್ಲ ಎಂದೆ. ಕಾರ್ಮಿಕ ತಪಾಸಣಾ ಕಚೇರಿಯ ಕಾಗದದಲ್ಲಿ ಇಂದಿಗೂ ಇದೆ: ಸಂಕೇತ ಕೊಟ್ಟಿಲ್ಲ, ಕೆಲಸಗಾರ್ತಿಯ ಅಜಾಗರೂಕತೆ. ಮೂವತ್ತಾರು ವರ್ಷದಿಂದ ಈ ಊರಿನಲ್ಲಿ ನಾನು ಕನಸು ಕಾಣುತ್ತಾ ಬೆರಳು ಕಳೆದುಕೊಂಡವಳು.

ಆ ಟೇಪು ಮುಂದೆ ಎಷ್ಟಿದೆ?

ಒಪ್ಪಿಗೆಯ ಕಾಗದ ಇದರ ಜೊತೆಗಿದೆ. ಸಹಿ ಹಾಕಿಲ್ಲ.

ಹಾಲ್ಡಿಸ್


ಟ್ರೊಂಡ್‌ಹೈಮ್,
ಫೆಬ್ರುವರಿ 2, 2024

ಹಾಲ್ಡಿಸ್,

ಮುಖದ ವಿಷಯದಲ್ಲಿ ನೀನು ಹೇಳಿದ್ದು ಸರಿ. ಆ ತಂತ್ರಾಂಶದಲ್ಲಿ ಒಂದೇ ಸಲಕ್ಕೆ ಎಲ್ಲವನ್ನೂ ಚಂದ ಮಾಡುವ ಗುಂಡಿಯೊಂದಿದೆ. ಹಳೆಯ ಟೇಪಿನಲ್ಲಿ ಮುಖ ಮಸುಕಾಗಿದ್ದರೆ, ಅಲ್ಲಿ ಏನಿದ್ದಿರಬಹುದು ಎಂದು ಅದೇ ಊಹಿಸಿ ತುಂಬುತ್ತದೆ. ಅದು ಕಲಿತದ್ದು ಯಾರ್‍ಯಾರದೋ ಚಂದದ ಮುಖಗಳಿಂದ. ಮೀನು ಕಾರ್ಖಾನೆಯ ಹೆಂಗಸರನ್ನು ಅದು ನೋಡಿಲ್ಲ. ಅದನ್ನು ತೆಗೆದುಬಿಡುತ್ತೇನೆ. ಹುಣ್ಣು ವಾಪಸು ಬರುತ್ತವೆ.

ಸದ್ದಿನ ವಿಷಯ ಬೇರೆ. ಇದ್ದದ್ದನ್ನು ಇದ್ದ ಹಾಗೇ ಬಿಟ್ಟರೆ ಊಟಕ್ಕೆ ಕೂತವರು ಎದ್ದು ಹೋಗುತ್ತಾರೆ. ಗದ್ದಲ ತೆಗೆಯುವುದು ಹೀಗೆ: ಎರಡು ಸೆಕೆಂಡಿನಷ್ಟು ಬರೀ ಯಂತ್ರದ ಸದ್ದನ್ನು ಆರಿಸಿ, ಇದು ಗದ್ದಲ, ಇಂಥದ್ದನ್ನೆಲ್ಲ ತೆಗೆ ಎಂದು ಹೇಳಿಕೊಡಬೇಕು. ಆಮೇಲೆ ಟೇಪಿನ ಚಟಪಟ ತೆಗೆಯಲು ಇನ್ನೊಂದು ಗುಂಡಿ. ಎಲ್ಲ ಟೇಪಿಗೂ ಹೀಗೆಯೇ ಮಾಡುತ್ತೇನೆ.

ಮುಂದೆ ಹನ್ನೊಂದು ಸೆಕೆಂಡು ಇದೆ. ಚಿತ್ರ ತುಂಬಾ ನಡುಗುತ್ತದೆ, ಅದಕ್ಕೇ ಕತ್ತರಿಸಿದೆ. ಆಮೇಲೆ ಬರೀ ನೀಲಿ ಪರದೆ. ನಿನ್ನ ಪತ್ರ ಬಂದ ಮೇಲೆ ದೊಡ್ಡ ಹೆಡ್‌ಫೋನ್ ಹಾಕಿಕೊಂಡು, ಏನೂ ಅಳಿಸದ ಮೂಲ ಸದ್ದನ್ನೇ ಇಪ್ಪತ್ತು ಸಲ ಕೇಳಿದೆ. ಯಂತ್ರ ಗುಡುಗುವುದು ಕೇಳುತ್ತದೆ. ಕುಟ್ಟಿದ್ದು ಕೇಳುವುದಿಲ್ಲ. ಬೇಕಾದರೆ ಆಣೆ ಇಡುತ್ತೇನೆ.

ನಾನೇನು ಮಾಡಲಿ ಹೇಳು. ಇಲ್ಲದ್ದನ್ನು ತಂದು ಹಾಕಲೇ?

ರಗ್ನಾ


ಟೈನ್‌ವೋಗ್,
ಫೆಬ್ರುವರಿ 12, 2024

ರಗ್ನಾ,

ನಿನಗೆ ಕೇಳಲಿಲ್ಲ ಎಂದರೆ ಈ ಸಲ ನಂಬುತ್ತೇನೆ.

ಎಂಟು ವರ್ಷದ ಹಿಂದೆ ಕಿವಿ ತೋರಿಸಲು ಟ್ರೊಮ್ಸೊ ಆಸ್ಪತ್ರೆಗೆ ಹೋಗಿದ್ದೆ. ಅಲ್ಲಿಯ ಹುಡುಗಿ ಒಂದು ಗೆರೆ ಎಳೆದು ತೋರಿಸಿದಳು. ದಪ್ಪ ಸ್ವರಗಳವರೆಗೆ ಗೆರೆ ನೆಟ್ಟಗೆ ಹೋಗುತ್ತದೆ. ಸಣ್ಣ ಸ್ವರಕ್ಕೆ ಬಂದ ಕೂಡಲೇ ಬಂಡೆಯ ಅಂಚಿನಿಂದ ಕುರಿ ಬಿದ್ದಂತೆ ಕೆಳಗೆ. "ಎಲ್ಲಿ ಕೆಲ್ಸ ಮಾಡ್ತಿದ್ರಿ?" ಅಂದಳು. ಹೇಳಿದೆ. "ಹಾಗಾದ್ರೆ ಉಕ್ಕಿಗೆ ಉಕ್ಕು ತಾಗೋ ಸದ್ದು ನಿಮ್ಗೆ ಈ ಜನ್ಮದಲ್ಲಿ ಕೇಳಲ್ಲ ಬಿಡಿ," ಅಂದಳು. ನನ್ನ ಪಕ್ಕದಲ್ಲಿ ಹನ್ನೊಂದು ವರ್ಷ ನಿಂತವಳ ಕಿವಿ ನನ್ನದಕ್ಕಿಂತ ಚೆನ್ನಾಗಿರಲು ಹೇಗೆ ಸಾಧ್ಯ? ನಾನು ಹೋದ ಮೇಲೂ ನೀನು ನಾಲ್ಕು ವರ್ಷ ಅಲ್ಲಿದ್ದೆ.

ಆ ಕುಟ್ಟು ಈಗ ನಿನಗೆ ಕೇಳುವುದಿಲ್ಲ. ಆವತ್ತು ಕೇಳುತ್ತಿತ್ತು. ಕಾಫಿಗೆ ಎರಡು ಕುಟ್ಟಿದಾಗ ಎಲ್ಲರಿಗಿಂತ ಮೊದಲು ಚೂರಿ ಕೆಳಗಿಡುತ್ತಿದ್ದವಳು ನೀನು.

ಕಿವಿಯಿಂದ ಹುಡುಕಬೇಡ. ಸದ್ದನ್ನು ಕಣ್ಣಿಗೆ ತೋರಿಸುವ ಗೆರೆಯೊಂದು ಆ ತಂತ್ರಾಂಶದಲ್ಲೂ ಇರುತ್ತದಂತೆ, ಪೆಡರ್ ಹೇಳಿದ. ಅದನ್ನು ನೋಡು. ನೋಡಿದ ಮೇಲೆ ಬರೆ. ಏನೂ ಕಾಣದಿದ್ದರೆ ಬರೆಯಬೇಡ.

ಹಾಲ್ಡಿಸ್


ಟ್ರೊಂಡ್‌ಹೈಮ್,
ಏಪ್ರಿಲ್ 4, 2024

ಹಾಲ್ಡಿಸ್,

ಏಳು ವಾರವಾಯಿತು. ನಾಲ್ಕನೆಯ ದಿನವೇ ನೋಡಿದ್ದೆ. ಉಳಿದ ದಿನ ಬರೆಯದೆ ಇದ್ದೆ.

ಯಂತ್ರದ ಸದ್ದು ಗೆರೆಯಲ್ಲಿ ದಪ್ಪ ಕಂಬಳಿಯ ಹಾಗೆ ಹಾಸಿಕೊಂಡಿರುತ್ತದೆ. ಕೊನೆಯ ಹನ್ನೊಂದು ಸೆಕೆಂಡಿನಲ್ಲಿ ಆ ಕಂಬಳಿಯಿಂದ ಮುಳ್ಳುಗಳು ಮೇಲೆ ಬಂದಿವೆ. ಸಣ್ಣ, ಚೂಪು, ಸಮ ಅಂತರದಲ್ಲಿ ಐದು. ಸ್ವಲ್ಪ ಬಿಟ್ಟು ಇನ್ನು ಐದು. ನಾನು ಅವನ್ನು ಟೇಪಿನ ಚಟಪಟ ಎಂದುಕೊಂಡು ಒಂದೇ ಗುಂಡಿಯಲ್ಲಿ ಕಿತ್ತು ಹಾಕಿದ್ದೆ. ಗ್ರಂಥಾಲಯದ ತರುಣ ಮೇಷ್ಟ್ರನ್ನು ಕರೆದು ಹೆಡ್‌ಫೋನ್ ಕೊಟ್ಟೆ. "ಯಾರೋ ಬಾಗ್ಲು ಬಡೀತಿದ್ದಾರೆ," ಅಂದ. ನನಗೆ ಆಗಲೂ ಕೇಳಲಿಲ್ಲ.

ಆಮೇಲೆ ಚಿತ್ರಕ್ಕೆ ಕೂತೆ. ಊಹಿಸಿ ತುಂಬುವ ಗುಂಡಿಯನ್ನು ಮುಟ್ಟಲಿಲ್ಲ. ಬೇರೆ ದಾರಿ ಇದೆ, ನಿಧಾನದ್ದು. ಒಂದು ಸೆಕೆಂಡಿಗೆ ಇಪ್ಪತ್ತೈದು ಚಿತ್ರಗಳಿರುತ್ತವೆ. ಟೇಪಿನ ಕಾಳುಕಾಳು ಮಸುಕು ಪ್ರತಿ ಚಿತ್ರದಲ್ಲೂ ಜಾಗ ಬದಲಿಸುತ್ತದೆ, ನಿಜವಾಗಿ ಇರುವ ವಸ್ತು ಬದಲಿಸುವುದಿಲ್ಲ. ನಡುಕಕ್ಕೆ ತಕ್ಕಂತೆ ಚಿತ್ರಗಳನ್ನು ಸರಿಸಿ ಒಂದರ ಮೇಲೊಂದು ಇಟ್ಟರೆ ಮಸುಕು ತಾನೇ ಕರಗಿ, ಇದ್ದದ್ದು ಉಳಿಯುತ್ತದೆ. ಅದರಲ್ಲಿ ಹೊಸದೇನೂ ಸೇರುವುದಿಲ್ಲ. ಯಾರು ಬೇಕಾದರೂ ಮತ್ತೆ ಮಾಡಿ ನೋಡಬಹುದು.

ಉಳಿದದ್ದು ನನ್ನ ಮುಖ. ನಾನು ತಲೆ ಎತ್ತಿದ್ದೇನೆ. ನಿನ್ನ ಕೈಯ ಕಡೆ ಒಮ್ಮೆ ನೋಡಿ, ಆಮೇಲೆ ನೇರ ಕ್ಯಾಮೆರಾದ ಕಣ್ಣಿಗೆ ನೋಡುತ್ತಿದ್ದೇನೆ. ಬಾಯಿ ತೆರೆದಿದೆ. ಎಯ್ನಾರ್ ಎಂದು ಕೂಗುತ್ತಿದ್ದೇನೆ. ಕ್ಯಾಮೆರಾ ಅವನ ಹೆಗಲ ಮೇಲಿತ್ತು, ಕೆಂಪು ಗುಂಡಿ ಹದಿನೈದು ಹೆಜ್ಜೆ ದೂರ. ಅವನು ಓಡಿದ. ಓಡಿದ್ದಕ್ಕೇ ಚಿತ್ರ ನಡುಗುತ್ತದೆ.

ವಿಚಾರಣೆಯ ಹಿಂದಿನ ಸಂಜೆ ಅಡುಗೆಮನೆಯಲ್ಲಿ ಕೂತಿದ್ದೆವು. "ನಾಳೆ ನಿನ್ನನ್ನೂ ಕೇಳ್ತಾರೆ," ಅಂದ. "ಏನು ಹೇಳ್ಲಿ?" ಅಂದೆ. ಅವನು ಕಾಫಿ ಲೋಟವನ್ನೇ ನೋಡುತ್ತಾ ಕೂತ. ಅವನು ಹೇಳಿಕೊಡಲಿಲ್ಲ, ಹಾಲ್ಡಿಸ್. ಅದು ನಿನಗೆ ಗೊತ್ತಿರಲಿ. ಆ ಮಾತನ್ನು ನಾನೇ ಹುಡುಕಿ ಹೇಳಿದೆ.

ನಡುಕಕ್ಕಾಗಿ ಕತ್ತರಿಸಿದೆ ಎಂದು ಬರೆದಿದ್ದೆ. ನಡುಕ ನಿಲ್ಲಿಸುವುದೇ ನನ್ನ ಕೆಲಸ ಎಂದೂ ಅದಕ್ಕಿಂತ ಮೊದಲೇ ಬರೆದಿದ್ದೆ.

ಹೊಸ ಚಿತ್ರವನ್ನು ಲುಡ್ವಿಗ್‌ಗೂ ಕಳಿಸಿದೆ. ನಿನ್ನೆ ಫೋನ್ ಮಾಡಿದ.

"ರಗ್ನಾ, ಇಷ್ಟು ವರ್ಷ ಆದ್ಮೇಲೆ ಇದೆಲ್ಲಾ ಯಾಕೆ? ಜನ ಊಟ ಮಾಡ್ತಾ ನೋಡೋ ಚಿತ್ರ ಇದು."

"ತಿನ್ನೋ ಮೀನು ಹೇಗೆ ತಟ್ಟೆಗೆ ಬಂತು ಅಂತ ನೋಡ್ಲಿ ಬಿಡಪ್ಪ."

"ನಿಮ್ಮ ಗಂಡನ ಹೆಸರೇ ಕೆಡುತ್ತೆ. ಯೋಚ್ನೆ ಮಾಡಿದ್ದೀರಾ?"

"ಮೂವತ್ತಾರು ವರ್ಷ ಅದನ್ನೇ ಯೋಚ್ನೆ ಮಾಡಿದ್ದೀನಿ. ಸಾಕಾಯ್ತು."

"ಆ ಕೊನೇದೊಂದು ತೆಗೆದುಬಿಡಿ, ಉಳಿದದ್ದು ಚೆನ್ನಾಗಿದೆ."

"ತೆಗೆಯಲ್ಲ. ಬೇಕಿದ್ರೆ ಪೂರ್ತಿ ತಗೊ. ಇಲ್ದಿದ್ರೆ ಗೋಡೆಗೆ ಜಿಂಕೆ ಕೊಂಬು ಹಾಕ್ಕೊ."

ಅವನು ಫೋನ್ ಇಟ್ಟ. ಟೇಪಿನ ಮೂಲ, ಹೊಸ ಚಿತ್ರ, ಸದ್ದಿನ ಗೆರೆ, ಮೂರರ ಪ್ರತಿಯೂ ಇದರ ಜೊತೆಗಿರುವ ಪೆನ್ ಡ್ರೈವ್‌ನಲ್ಲಿದೆ. ಇನ್ನು ಇದು ನಿನ್ನದು.

ರಗ್ನಾ


ಟೈನ್‌ವೋಗ್,
ಏಪ್ರಿಲ್ 15, 2024

ರಗ್ನಾ,

ನಿನ್ನ ಪತ್ರವನ್ನು ಮೂರು ಸಲ ಓದಿದೆ. ಕ್ಷಮಿಸು ಎಂಬ ಮಾತು ಎಲ್ಲಾದರೂ ಇದೆಯೇ ಎಂದು ಹುಡುಕಿದೆ. ಇಲ್ಲ. ಒಳ್ಳೆಯದಾಯಿತು. ಇದ್ದಿದ್ದರೆ ಅದಕ್ಕೊಂದು ಉತ್ತರ ಕೊಡಬೇಕಾಗುತ್ತಿತ್ತು.

ಲುಡ್ವಿಗ್ ನನ್ನಲ್ಲಿಗೂ ಬಂದಿದ್ದ, ಕೇಕಿನ ಡಬ್ಬಿ ಹಿಡಿದು. "ಹಾಲ್ಡಿಸ್, ಮೊದಲ್ನೇ ದಿನ ನಿಮ್ಗೆ ಮುಂದಿನ ಸಾಲಲ್ಲೇ ಕುರ್ಚಿ ಹಾಕಿಸ್ತೀನಿ," ಅಂದ.

"ಹನ್ನೊಂದು ವರ್ಷ ಅಲ್ಲೇ ನಿಂತಿದ್ನಲ್ಲೋ, ನಿಮ್ಮನೆಯೋರಿಗೆ ಕುರ್ಚಿ ಈಗ ನೆನಪಾಯ್ತಾ?" ಅಂದೆ.

ಕೇಕು ಮಾತ್ರ ಚೆನ್ನಾಗಿತ್ತು. ಪೆಡರೂ ನಾನೂ ತಿಂದೆವು. ಸಹಿಯನ್ನು ಲುಡ್ವಿಗ್‌ಗೆ ಕೊಡಲಿಲ್ಲ, ನಿನಗೆ ಕೊಡುತ್ತಿದ್ದೇನೆ. ಕಾಗದದ ಕೆಳಗೆ ನನ್ನ ಕೈಯಲ್ಲೇ ಬರೆದಿದ್ದೇನೆ: ಹುಣ್ಣು ಇರಬೇಕು, ಗದ್ದಲ ಇರಬೇಕು, ಕೊನೆಯ ಹನ್ನೊಂದು ಸೆಕೆಂಡು ಇರಬೇಕು, ಹಾರ್ಮೋನಿಕಾ ಕೂಡದು. ಅವನ ಗೋಡೆ ಸಿಗದಿದ್ದರೆ ಊರಲ್ಲಿ ಬೇರೆ ಗೋಡೆ ಇಲ್ಲವೇ?

ಆದರೆ ಗೋಡೆಯ ಮೇಲೆ ತೋರಿಸಿದರೆ ಊರು ನೋಡುತ್ತದೆ, ಅಷ್ಟೇ. ಸುಳ್ಳು ಇರುವುದು ತಪಾಸಣಾ ಕಚೇರಿಯ ಕಾಗದದಲ್ಲಿ. ನಾನು ಹೇಳಬೇಕಾದ್ದನ್ನು 88ರಲ್ಲೇ ಹೇಳಿದ್ದೇನೆ, ಅದು ಅಲ್ಲಿ ಹಾಗೆಯೇ ಇದೆ. ಅಲ್ಲಿ ತಿದ್ದಬೇಕಾದ್ದು ನಿನ್ನ ಮಾತು. ಅದನ್ನು ನಿನ್ನ ಪರವಾಗಿ ಯಾವ ತಂತ್ರಾಂಶವೂ ತಿದ್ದಿಕೊಡುವುದಿಲ್ಲ.

ಹಾಲ್ಡಿಸ್


ಟ್ರೊಂಡ್‌ಹೈಮ್,
ಮೇ 6, 2024

ಕಾರ್ಮಿಕ ತಪಾಸಣಾ ಕಚೇರಿಗೆ
(ಪ್ರತಿ: ಹಾಲ್ಡಿಸ್, ಟೈನ್‌ವೋಗ್)

ಮಾನ್ಯರೇ,

1988ರ ಫೆಬ್ರುವರಿಯಲ್ಲಿ ಟೈನ್‌ವೋಗ್‌ನ ಮೀನು ಕಾರ್ಖಾನೆಯಲ್ಲಿ ನಡೆದ ಅಪಘಾತದ ವಿಚಾರಣೆಯಲ್ಲಿ ನಾನು ಸಾಕ್ಷಿ ಹೇಳಿದ್ದೆ. ಬೆಲ್ಟ್ ನಿಲ್ಲಿಸುವಂತೆ ಯಾರೂ ಸಂಕೇತ ಕೊಟ್ಟದ್ದು ನನಗೆ ಕೇಳಲಿಲ್ಲ ಎಂದಿದ್ದೆ. ಮೇಸ್ತ್ರಿ ಗುಂಡಿಯ ಪಕ್ಕದಲ್ಲಿದ್ದರು ಎಂದೂ ಹೇಳಿದ್ದೆ. ಎರಡೂ ಸುಳ್ಳು.

ಹಾಲ್ಡಿಸ್ ಐದು ಸಲ ಕುಟ್ಟಿದರು. ನನಗೆ ಕೇಳಿತು. ಮತ್ತೆ ಐದು ಸಲ ಕುಟ್ಟಿದರು. ಅದೂ ಕೇಳಿತು. ಮೇಸ್ತ್ರಿ ಕ್ಯಾಮೆರಾ ಹಿಡಿದುಕೊಂಡು ಹದಿನೈದು ಹೆಜ್ಜೆ ದೂರದಲ್ಲಿದ್ದರು. ಅವರು ನನ್ನ ಗಂಡ. ಅವರು ಆಗ ತೆಗೆದ ಟೇಪಿನ ಪ್ರತಿಯನ್ನು ಲಗತ್ತಿಸಿದ್ದೇನೆ. ಅದರ ಮೇಲೆ ನಾನು ಮಾಡಿದ ಕೆಲಸವನ್ನು ಹಂತಹಂತವಾಗಿ ಬೇರೆ ಹಾಳೆಯಲ್ಲಿ ಬರೆದಿದ್ದೇನೆ. ನಂಬಿಕೆ ಬಾರದಿದ್ದರೆ ಮೂಲ ಕ್ಯಾಸೆಟ್ಟನ್ನೂ ಕಳಿಸುತ್ತೇನೆ.

ಇದರಿಂದ ನನಗೆ ಆಗಬೇಕಾದದ್ದು ಆಗಲಿ. ಕಾಗದವನ್ನು ತಿದ್ದಿ.

ರಗ್ನಾ ಸೋರ್ಲಿ


ಟೈನ್‌ವೋಗ್,
ಜೂನ್ 24, 2024

ರಗ್ನಾ,

ಕಚೇರಿಯಿಂದ ನನಗೂ ಉತ್ತರ ಬಂತು. ಇಷ್ಟು ಹಳೆಯ ಪ್ರಕರಣವನ್ನು ಮತ್ತೆ ತೆರೆಯಲಾಗದಂತೆ, ಯಾರ ಮೇಲೂ ಕ್ರಮ ಇಲ್ಲವಂತೆ. ನಿನ್ನ ಹೇಳಿಕೆಯನ್ನೂ ಟೇಪನ್ನೂ ಕಡತಕ್ಕೆ ಸೇರಿಸಿದ್ದಾರೆ. ಹಳೆಯ ಸಾಲಿನ ಪಕ್ಕದಲ್ಲಿ ಒಂದು ಟಿಪ್ಪಣಿ ಹಾಕಿದ್ದಾರೆ: ಸಂಕೇತ ಕೊಡಲಾಗಿತ್ತು. ಪ್ರತಿ ತರಿಸಿಕೊಂಡೆ. ಎರಡೇ ಪದ, ಆದರೆ ಚೆನ್ನಾಗಿ ಅಚ್ಚಾಗಿವೆ.

ಶನಿವಾರ ಲುಡ್ವಿಗ್‌ನ ಅತಿಥಿಗೃಹ ತೆರೆಯಿತು. ಅದೇ ದಿನ, ಅದೇ ಮೂರು ಗಂಟೆಗೆ, ನಾವು ಪೆಡರ್‌ನ ದೋಣಿಮನೆಯಲ್ಲಿ ಚಿತ್ರ ಇಟ್ಟುಕೊಂಡೆವು. ರಾತ್ರಿಯೂ ಸೂರ್ಯ ಮುಳುಗದ ಜೂನಿನಲ್ಲಿ ಇಲ್ಲಿ ಕತ್ತಲೆ ಎಲ್ಲಿಂದ ತರುವುದು? ಪೆಡರ್ ಕಿಟಕಿಗಳಿಗೆಲ್ಲ ಹಳೆಯ ಹಾಯಿಬಟ್ಟೆ ಹೊಡೆದ. ನಾನು ಅಚ್ಚಿನ ಕಾವಲಿಯಲ್ಲಿ ವಾಫೆಲ್ ಎಂಬ ಸಿಹಿ ದೋಸೆ ಸುಟ್ಟೆ, ಕಂದು ಬಣ್ಣದ ಚೀಸ್ ಕೊಯ್ದಿಟ್ಟೆ. ಮೊದಲು ಹನ್ನೆರಡು ಜನ ಇದ್ದರು. ಆಮೇಲೆ ಅಲ್ಲಿಯ ಭಾಷಣ ಉದ್ದವಾಯಿತೋ ಏನೋ, ಒಬ್ಬೊಬ್ಬರೇ ಇತ್ತ ಬಂದರು. ನಲವತ್ತಾದ ಮೇಲೆ ಪೆಡರ್ ಎಣಿಸುವುದನ್ನು ಬಿಟ್ಟ.

ಸದ್ದು ಶುರುವಾದಾಗ ಸಣ್ಣ ವಯಸ್ಸಿನವರೆಲ್ಲ ಕಿವಿ ಮುಚ್ಚಿಕೊಂಡರು. "ಇದ್ರಲ್ಲಿ ಹೇಗಜ್ಜಿ ಇದ್ರಿ ನೀವು?" ಅಂತ ಒಬ್ಬಳು ಕಿರುಚಿದಳು. ನಮ್ಮ ಮೇಜಿನ ಹೆಂಗಸರಲ್ಲಿ ಉಳಿದ ಐವರು ಮುಂದೆ ಕೂತು ಕಾಫಿ ಕುಡಿಯುತ್ತಿದ್ದೆವು. ನಮಗೆ ಅಷ್ಟೇನೂ ಜೋರು ಅನ್ನಿಸಲಿಲ್ಲ.

ಕೊನೆಯ ಹನ್ನೊಂದು ಸೆಕೆಂಡು ಬಂದಾಗ ಪೆಡರ್ ನಮ್ಮ ಮುಂದೆ ಬಂದು ನಿಂತು, ಒಂದೊಂದು ಕುಟ್ಟಿಗೂ ಒಂದೊಂದು ಬೆರಳು ಎತ್ತಿದ. ನಮಗೆ ಕೇಳುವುದಿಲ್ಲ ಎಂದು ಅವನಿಗೆ ಗೊತ್ತಲ್ಲ. ಒಂದು ಕೈ ತುಂಬಿತು. ಆಮೇಲೆ ಇನ್ನೊಂದು ಕೈ. ಮಸುಕಿಲ್ಲದ ನಿನ್ನ ಮುಖ ಗೋಡೆಯ ತುಂಬಾ ಇತ್ತು, ಬಾಯಿ ತೆರೆದು. ಪೆಡರ್ ನಿನ್ನ ಹೇಳಿಕೆಯನ್ನು ಜೋರಾಗಿ ಓದಿದ. ಆಮೇಲೆ ಊರಿನ ಹಳೆಯ ಬಾಯಿಬಡುಕಿ ಬೋರ್ಗ್‌ಹಿಲ್ಡ್ ನನ್ನ ಹತ್ತಿರ ಬಂದು, "ನಾನೂ ಅಂದಿದ್ದೆ ಕಣೇ, ನೀನು ಕನಸು ಕಾಣ್ತಿದ್ದೆ ಅಂತ," ಅಂದಳು. "ಗೊತ್ತು, ಎಷ್ಟು ಸಲ ಅಂದೆ ಅನ್ನೋದೂ ಗೊತ್ತು," ಅಂದೆ. ಅವಳು ಪಾತ್ರೆ ತೊಳೆಯಲು ನಿಂತಳು. ಎಲ್ಲ ಪಾತ್ರೆಯನ್ನೂ ಅವಳೇ ತೊಳೆದಳು.

ನೀನು ಬರಲಿಲ್ಲ. ನಾನು ಕರೆದಿರಲೂ ಇಲ್ಲ.

ನಿನ್ನ ಮೇಲಿನ ಸಿಟ್ಟು ಹೋಯಿತೇ ಎಂದು ಪೆಡರ್ ಕೇಳಿದ. ಇಲ್ಲ ಎಂದೆ. ಅದು ಮೂವತ್ತಾರು ವರ್ಷ ನನ್ನ ಜೊತೆ ಬದುಕಿದೆ, ಒಂದು ಮಧ್ಯಾಹ್ನಕ್ಕೆ ಗಂಟುಮೂಟೆ ಕಟ್ಟಿಕೊಂಡು ಹೋಗುವುದಿಲ್ಲ. ನೀನು ಬಂದರೆ ಬಾಗಿಲು ತೆಗೆಯುತ್ತೇನೆ ಎಂದು ನಾನು ಮಾತು ಕೊಡಲಾರೆ.

ಈ ಊರಿನಲ್ಲಿ ಯಾರೂ ಬಾಗಿಲಿಗೆ ಬೀಗ ಹಾಕುವುದಿಲ್ಲ. ಅದು ನಿನಗೂ ಗೊತ್ತು.

ಹಾಲ್ಡಿಸ್